ದೊರೆಸ್ವಾಮಿಯವರ ಮನೆಯ ದೊಡ್ಡ ಟೀವಿ

ರಾಜಾಜಿನಗರದ ಕೈಗಾರಿಕಾ ಬಡಾವಣೆಯ ಒಂದು ಟೀವಿ ಕಾರ್ಖಾನೆಗೆ ನಾನು ಸೇರಿದಾಗ ಇನ್ನೂ ಕಪ್ಪು-ಬಿಳುಪಿನ ಕಾಲ. ಟೀವಿ ಪೆಟ್ಟಿಗೆಯ ಬೆನ್ನು ನಮ್ಮ ಕಡೆ, ಮುಖ ಆಚೆ ಕಡೆ. ಆಚೆ ಒಂದು ಉದ್ದನೆಯ ಕನ್ನಡಿ ನಿಲ್ಲಿಸಿರುತ್ತಿದ್ದರು. ನಾವು ಹೆಣ್ಣುಮಕ್ಕಳು ಸಾಲಾಗಿ ಕೂತು, ಹಿಂದಿನಿಂದ ಕೈ ಹಾಕಿ ಗುಂಡಿಗಳನ್ನು ತಿರುಪುತ್ತಾ, ಚಿತ್ರ ಸರಿಯಾಯಿತೇ ಎಂದು ಕನ್ನಡಿಯಲ್ಲಿ ನೋಡಬೇಕಿತ್ತು. ಪರದೆಯ ಮೇಲೆ ಚೌಕ ಚೌಕವಾಗಿ ಗೆರೆಗಳನ್ನು ಮೂಡಿಸುತ್ತಿದ್ದರು. ಗೆರೆ ನೇರವಾಗಿದ್ದರೆ ಸೆಟ್ಟು ಮುಂದಕ್ಕೆ, ಅಂಚಿನಲ್ಲಿ ಬಾಗಿದ್ದರೆ ಮತ್ತೆ ತಿರುಪು. ಸಂಜೆ ಮನೆಗೆ ಹೋಗುವಾಗ ಬಸ್ಸಿನ ಕಿಟಕಿಯ ಸರಳುಗಳೂ ನನಗೆ ಆ ಗೆರೆಗಳಂತೆಯೇ ಕಾಣುತ್ತಿದ್ದವು.

ನಮ್ಮ ಸೂಪರ್‌ವೈಸರ್ ಪದ್ಮನಾಭಯ್ಯನವರು ಜೋರು ಮಾತಿನ ಮನುಷ್ಯ. ಬಣ್ಣದ ಟೀವಿ ಬಂದ ಮೇಲೆ ನಾವು ಪರದೆಯ ಮೇಲಿನ ಹೆಂಗಸರ ಸೀರೆ ನೋಡುತ್ತಾ ಮೈಮರೆತರೆ ಹಿಂದೆ ಬಂದು ನಿಲ್ಲುತ್ತಿದ್ದರು. "ಸೀರೆ ಆಮೇಲೆ ನೋಡ್ಕೊಳ್ರಮ್ಮ. ಮೊದ್ಲು ಬಿಳಿ ಬಿಳಿಯಾಗಿದ್ಯಾ ನೋಡಿ, ಆಮೇಲೆ ಕಪ್ಪು. ಇವೆರಡು ಸರಿಯಿದ್ರೆ ಮುಖ ತಾನಾಗೇ ಸರಿಹೋಗುತ್ತೆ" ಎನ್ನುತ್ತಿದ್ದರು. ಚಿತ್ರ ಚೆನ್ನಾಗಿದೆಯೇ ಎಂದು ನೋಡುವ ವಿದ್ಯೆಯಲ್ಲಿ ನನಗೆ ಸಿಕ್ಕ ಮೊದಲ ಪಾಠ ಅದು. ಕೊನೆಯವರೆಗೂ ಕೈಬಿಡಲಿಲ್ಲ.

ಕಾರ್ಖಾನೆ ಮುಚ್ಚಿತು. ಬಸವೇಶ್ವರನಗರದಲ್ಲಿ ಟೀವಿ, ಫ್ರಿಜ್ ಮಾರುತ್ತಿದ್ದ ಜಯರಾಮ್ ಎನ್ನುವವರು ನನ್ನನ್ನು ಕೆಲಸಕ್ಕೆ ತೆಗೆದುಕೊಂಡರು. ಅಂಗಡಿಯಲ್ಲಿ ಟೀವಿ ತೋರಿಸುವುದು, ಕೊಂಡವರ ಮನೆಗೆ ಹೋಗಿ ಚಿತ್ರ ಹೊಂದಿಸಿ ಕೊಡುವುದು ನನ್ನ ಕೆಲಸ. "ಸರೋಜಮ್ಮನ್ನ ಕಳಿಸ್ತೀನಿ, ಅವರು ನೋಡಿ ಸರಿ ಅಂದ್ರೆ ಸರಿ" ಎಂದು ಗಿರಾಕಿಗಳಿಗೆ ಅವರು ಹೇಳುವಾಗ ನನಗೆ ಒಳಗೊಳಗೇ ಖುಷಿಯಾಗುತ್ತಿತ್ತು.

ಗೋಡೆಗೆ ನೇತುಹಾಕುವ ಪ್ಲಾಸ್ಮಾ ಟೀವಿಗಳು ಬಂದಾಗ ನಾನು ಕಲಿತದ್ದರಲ್ಲಿ ಅರ್ಧ ಕೆಲಸಕ್ಕೆ ಬಾರದಾಯಿತು. ತಿರುಪಲು ಏನೂ ಇರಲಿಲ್ಲ. ಗಾಜಿನ ಒಳಗೆ ಸಾಲುಸಾಲಾಗಿ ಸಣ್ಣ ಸಣ್ಣ ಕೋಶಗಳು. ಒಂದೊಂದೂ ಕೂತಲ್ಲೇ ಕೂತಿರುತ್ತದೆ, ಅಲ್ಲೇ ಹೊತ್ತಿಕೊಳ್ಳುತ್ತದೆ. ಹಳೆಯ ಪಿಕ್ಚರ್ ಟ್ಯೂಬಿನಲ್ಲಿ ಆಗುತ್ತಿದ್ದಂತೆ ಚಿತ್ರ ವಾಲುವುದು, ಹಿಗ್ಗುವುದು, ಗೆರೆ ಬಾಗುವುದು ಇದರಲ್ಲಿ ಸಾಧ್ಯವೇ ಇಲ್ಲ. ಉಳಿದದ್ದು ರಿಮೋಟು ಮತ್ತು ನಮ್ಮ ಕಣ್ಣು.

ಹೊಸ ಯಂತ್ರ ಹೊಸ ತಪ್ಪುಗಳನ್ನೂ ಕಲಿಸಿತು. ಅಂಗಡಿಯ ದೊಡ್ಡ ಪ್ಲಾಸ್ಮಾದಲ್ಲಿ ನಾನು ಬೆಳಗ್ಗಿನಿಂದ ಸಂಜೆಯವರೆಗೆ ಒಂದೇ ಸುದ್ದಿ ಚಾನೆಲ್ ಹಾಕಿಬಿಡುತ್ತಿದ್ದೆ. ಕೆಲವು ವಾರಗಳಲ್ಲಿ ಚಾನೆಲಿನ ಮುದ್ರೆಯೂ ಕೆಳಗಿನ ಪಟ್ಟಿಯೂ ಗಾಜಿನಲ್ಲಿ ಅಚ್ಚೊತ್ತಿ ನಿಂತುಬಿಟ್ಟವು. ಏನೇ ಹಾಕಿದರೂ ಹಿಂದೆ ಮಸುಕಾಗಿ ಅದೇ. ಜಯರಾಮ್ ಬಯ್ಯಲಿಲ್ಲ. "ಇದನ್ನ ಯಾರ್ಗೂ ಮಾರೋಕಾಗಲ್ಲ ಬಿಡಿ, ತಪ್ಪು ಮಾಡಿದ್ರೆ ಏನಾಗತ್ತೆ ಅಂತ ತೋರ್ಸೋಕೆ ಇರ್ಲಿ" ಎಂದರು. ಆಮೇಲೆ ಪ್ರತಿ ಮನೆಯಲ್ಲೂ ಅದನ್ನೇ ಮೊದಲು ಹೇಳುತ್ತಿದ್ದೆ.

ಅಂಗಡಿಗೆ ಬಂದವರು ಸಾಮಾನ್ಯವಾಗಿ ಅತಿ ಹೆಚ್ಚು ಹೊಳೆಯುವ ಟೀವಿಯನ್ನೇ ಕೈ ಮಾಡಿ ತೋರಿಸುತ್ತಿದ್ದರು. ಅಲ್ಲಿನ ಝಗಮಗ ದೀಪಗಳ ಕೆಳಗೆ ಅದು ಚೆನ್ನಾಗಿಯೇ ಕಾಣುತ್ತದೆ. ಮನೆಗೆ ಹೋದ ಮೇಲೆ ಅದೇ ಕಣ್ಣು ಕುಕ್ಕುತ್ತದೆ, ಮುಖಗಳು ಟೊಮೇಟೊ ಹಣ್ಣಿನಂತಾಗುತ್ತವೆ. ವಿಜಯನಗರದ ಒಂದು ಮನೆಯವರು ಕಪ್ಪು ಬಣ್ಣ ಬೂದಾಗಿ ಕಾಣುತ್ತಿದೆ ಎಂದು ದೂರು ಕೊಟ್ಟಿದ್ದರು. ಹೋಗಿ ನೋಡಿದರೆ ಟೀವಿಯ ಎದುರಿಗೇ ಪಡುವಣ ಕಿಟಕಿ. ಕಿಟಕಿಗೆ ಒಂದು ದಪ್ಪ ಬಟ್ಟೆಯ ಪರದೆ ಹಾಕಿಸಿದೆ, ಅಷ್ಟೇ.

ಚಿತ್ರ ನೋಡುವುದು ಹೇಗೆ ಎಂದು ನನಗೆ ಎರಡನೆಯ ಸಲ ಕಲಿಸಿದವರು ದೊರೆಸ್ವಾಮಿಯವರು. ಅವರ ವಿಷಯ ಹೇಳಲೆಂದೇ ಇದನ್ನು ಬರೆಯಲು ಕೂತಿದ್ದೇನೆ.

ಅವರು ಮಗ ರಮೇಶನ ಜೊತೆ ಒಂದು ಮಧ್ಯಾಹ್ನ ಅಂಗಡಿಗೆ ಬಂದರು. ಬಿಳಿ ಪಂಚೆ, ತೋಳು ಮಡಿಸಿದ ಶರ್ಟು. ಬಿನ್ನಿಪೇಟೆಯ ಕಡೆ ಬಟ್ಟೆ ಮಿಲ್ಲಿನ ಬಣ್ಣದ ಖಾತೆಯಲ್ಲಿ ಮೇಸ್ತ್ರಿಯಾಗಿದ್ದವರು. ಒಂದು ಥಾನು ಬಟ್ಟೆಯ ಬಣ್ಣಕ್ಕೆ ಇನ್ನೊಂದು ಥಾನಿನ ಬಣ್ಣ ಕೂಡುತ್ತದೆಯೇ ಎಂದು ಕಣ್ಣಿನಿಂದಲೇ ನೋಡಿ ಹೇಳುವುದು ಅವರ ಕೆಲಸವಾಗಿತ್ತು. ಮಿಲ್ಲು ಎಂದೋ ನಿಂತುಹೋಗಿತ್ತು. ರಮೇಶ ಕಾಮಾಕ್ಷಿಪಾಳ್ಯದಲ್ಲಿ ಸಣ್ಣದೊಂದು ಗಾರ್ಮೆಂಟ್ ಘಟಕ ಇಟ್ಟುಕೊಂಡಿದ್ದ. ಅಲ್ಲಿಗೆ ಬರುವ ಬಟ್ಟೆಯ ಬಣ್ಣದ ವಿಷಯದಲ್ಲೂ ತಂದೆಯ ಮಾತೇ ಕೊನೆಯ ಮಾತು.

"ಈ ಟ್ಯೂಬ್‌ಲೈಟ್ ಆರಿಸ್ತೀರಾ ಅಮ್ಮಾ? ನಮ್ಮನೇಲಿ ಇಷ್ಟು ಬೆಳಕಿರಲ್ಲ" ಎಂದರು. ಆರಿಸಿದೆ. ಅವರು ಟೀವಿಗಳಿಗೆ ಬೆನ್ನು ಹಾಕಿ ಬರಿಯ ಗೋಡೆಯನ್ನು ಸ್ವಲ್ಪ ಹೊತ್ತು ನೋಡಿದರು. ನೋಡಿದ್ದನ್ನು ಕಣ್ಣಿನಿಂದ ತೊಳೆದುಕೊಳ್ಳುವುದು ಅದು ಎಂದು ಆಮೇಲೆ ಹೇಳಿದರು. ತಿರುಗಿ, "ಹಳೇ ಪಿಕ್ಚರ್ ಯಾವ್ದಾದ್ರೂ ಇದ್ರೆ ಹಾಕಿ. ಕಪ್ಪು-ಬಿಳುಪಿಂದು" ಎಂದರು.

ರಮೇಶ ನಕ್ಕ. "ಇಷ್ಟ್ ದೊಡ್ಡ ಕಲರ್ ಟೀವಿ ತಗೊಳಕ್ಕೆ ಬಂದು ಬ್ಲಾಕ್ ಅಂಡ್ ವೈಟ್ ನೋಡ್ತಾರೆ ನಮ್ಮಪ್ಪ."

"ಬಣ್ಣ ಇರಬಾರದ ಕಡೆ ಬಣ್ಣ ಕಂಡ್ರೆ ಅದು ಕಳ್ಳಬಣ್ಣ ಕಣೋ. ಅದನ್ನ ಮೊದ್ಲು ಹಿಡೀಬೇಕು" ಎಂದರು ತಂದೆ.

ಸಾಲಿನಲ್ಲಿದ್ದ ಒಂದು ಸೆಟ್ಟಿನ ಬೂದು ಬಣ್ಣದಲ್ಲಿ ಹಸಿರಿನ ಛಾಯೆಯಿತ್ತು. ಇನ್ನೊಂದರಲ್ಲಿ ನಾಯಕನ ಕಪ್ಪು ಕೋಟಿನ ಮಡಿಕೆಗಳೇ ಕಾಣುತ್ತಿರಲಿಲ್ಲ. ಯಾರೂ ತಿರುಗಿ ನೋಡದೆ ಮೂಲೆಯಲ್ಲಿದ್ದ ಮೂರನೆಯದನ್ನು ಅವರು ಆರಿಸಿದರು. ನಾನು ಯಾವತ್ತೋ ಮನಸ್ಸಿನಲ್ಲೇ ಆರಿಸಿಟ್ಟುಕೊಂಡಿದ್ದ ಸೆಟ್ಟು ಅದು.

ಅವರ ಮನೆ ದೀಪಾಂಜಲಿ ನಗರದಲ್ಲಿತ್ತು. ಚಿತ್ರ ಹೊಂದಿಸಲು ಹೋದಾಗ ಅವರು ಸೊಸೆ ಮಂಜುಳಾಳನ್ನು ಕರೆದು ಟೀವಿಯ ಪಕ್ಕದಲ್ಲಿ ನಿಲ್ಲಿಸಿದರು. ಮುಖದ ಬಣ್ಣವನ್ನು ಮುಖದ ಪಕ್ಕದಲ್ಲೇ ನೋಡಬೇಕು ಎನ್ನುವುದು ಅವರ ಪದ್ಧತಿ. "ಏನ್ ಮಾವ, ನನ್ನ ಯಾವ ಹೀರೋಯಿನ್ ಜೊತೆ ಹೋಲಿಸ್ತೀರಾ" ಎಂದು ಅವಳು ನಕ್ಕಳು. ಅವರು ನಗದೆ, "ಕೆಂಪು ಒಂದು ಚೂರು ಇಳಿಸಿ ಅಮ್ಮಾ. ಸಾಕು. ಈಗ ಮನುಷ್ಯರ ಥರ ಕಾಣ್ತಾರೆ" ಎಂದರು. ಅಂದಿನಿಂದ ನಾನೂ ಹೋದ ಮನೆಗಳಲ್ಲಿ ಯಾರನ್ನಾದರೂ ಪರದೆಯ ಪಕ್ಕ ನಿಲ್ಲಿಸಿಯೇ ನೋಡುತ್ತಿದ್ದೆ.

ಕೆಲವು ತಿಂಗಳು ಕಳೆದ ಮೇಲೆ ಅವರ ಮನೆಯಿಂದ ಫೋನು ಬಂತು. ಪರದೆಯ ನಡುವೆ ಮುಖಗಳು ಸೊಟ್ಟಗಾಗುತ್ತಿವೆಯಂತೆ. ಬಣ್ಣವೂ ಮಾಸಿದೆಯಂತೆ.

ಕೇಬಲ್ಲಿನ ತೊಂದರೆ ಇರಬೇಕೆಂದುಕೊಂಡು ಹೋದೆ. ಆ ದಿನಗಳಲ್ಲಿ ಕೇಬಲ್ಲಿನ ಚಿತ್ರ ದೊಡ್ಡ ಪರದೆಗೆ ಬಂದರೆ ಅದರ ಬಡತನವೆಲ್ಲ ಎದ್ದು ಕಾಣುತ್ತಿತ್ತು. ಕೇಬಲ್ಲಿನವರಿಂದ ಹೊಸ ವೈರು ಹಾಕಿಸಿದೆ. ಸರಿಯಾಗಲಿಲ್ಲ. ಮತ್ತೊಮ್ಮೆ ಹೋಗಿ ಒಳ್ಳೆಯ ಡಿವಿಡಿ ಹಾಕಿ ತೋರಿಸಿದೆ. ನನ್ನ ಕಣ್ಣಿಗೆ ಚಿತ್ರ ನಾನು ಹೊಂದಿಸಿಟ್ಟಂತೆಯೇ ಇತ್ತು. "ಇಲ್ಲಮ್ಮಾ, ಈ ಹೀರೋಯಿನ್ ಮೂಗೂ ಒಂದ್ಕಡೆ ಜಾರುತ್ತೆ, ನೋಡಿ" ಎಂದು ಅವರು ಪಟ್ಟು ಹಿಡಿದರು. ಕಂಪನಿಯ ಇಂಜಿನಿಯರ್ ಬಂದು ಒಳಗಿನ ಒಂದು ಬೋರ್ಡು ಬದಲಿಸಿ ಹೋದ. ಆದರೂ ಅದೇ ದೂರು. ಹೇಳಲು ಬೇಸರವೇ, ಆದರೂ ಹೇಳುತ್ತೇನೆ, ನನಗೆ ಆ ಹೊತ್ತಿಗೆ ಅವರ ಮೇಲೆ ಸಿಟ್ಟು ಬರತೊಡಗಿತ್ತು.

ರಮೇಶನಿಗೂ ಸಾಕಾಗಿತ್ತು. ಗೇಟಿನವರೆಗೆ ಬಂದು ಹೇಳಿದ. "ಅಪ್ಪಂಗೆ ಈಗೀಗ ಎಲ್ಲದ್ರಲ್ಲೂ ತಪ್ಪೇ ಕಾಣತ್ತೆ ಆಂಟಿ. ನಜೀರ್ ಭಾಯ್ ಅಂತ, ನಮಗೆ ಬಟ್ಟೆಗೆ ಬಣ್ಣ ಹಾಕ್ಕೊಡೋರು. ಎಷ್ಟೋ ವರ್ಷದಿಂದ ಇದಾರೆ. ಅವರ ಮಾಲು ಸ್ಯಾಂಪಲ್‌ಗೆ ಕೂಡಲ್ಲ ಅಂತ ಅಪ್ಪ ಮೇಲಿಂದ ಮೇಲೆ ವಾಪಸ್ ಕಳಿಸಿದ್ರು. ನನಗೇನೋ ಸರಿಯಾಗೇ ಕಾಣ್ತಿತ್ತು. ಅಪ್ಪನ ಕಣ್ಣಿನ ಮುಂದೆ ನಂದೇನು ಅಂತ ಸುಮ್ನಾದೆ. ಈಗ ಬೇರೆಯವ್ರ ಹತ್ರ ಮಾಡಿಸ್ತಾ ಇದೀನಿ."

ಅಂಗಡಿಯಲ್ಲಿ ಜಯರಾಮ್ ಅವರ ಹತ್ತಿರ ಎಲ್ಲ ಹೇಳಿದೆ. ಅವರು ಸ್ವಲ್ಪ ಯೋಚಿಸಿ, "ಟೀವಿ ಸರಿಯಿದ್ರೆ ಕಣ್ಣಿನ ವಿಷ್ಯ ಇರ್ಬಹುದು ಸರೋಜಮ್ಮಾ. ಆದ್ರೆ ನೀವು ಬಾಯ್ಬಿಟ್ಟು ಹೇಳೋಕೆ ಹೋಗ್ಬೇಡಿ. ನಿಮ್ಮ ಕಣ್ಣು ಸರಿಯಿಲ್ಲ ಅಂತ ಅಂಗಡಿಯವ್ರು ಹೇಳಿದ್ರೆ ಯಾರೂ ಸಹಿಸಲ್ಲ" ಎಂದರು. ಅವರು ಕೆಟ್ಟ ಮನುಷ್ಯರಲ್ಲ. ಗಿರಾಕಿಯ ಮುಂದೆ ತಗ್ಗಿ ನಡೆಯುವುದು ಅವರಿಗೆ ರೂಢಿಯಾಗಿತ್ತು.

ಮುಂದಿನ ಸಲ ನಾನು ಪರೀಕ್ಷೆಯ ಡಿಸ್ಕು ತೆಗೆದುಕೊಂಡು ಹೋದೆ. ಕಾರ್ಖಾನೆಯಲ್ಲಿ ನೋಡುತ್ತಿದ್ದಂಥದೇ ಚೌಕ ಗೆರೆಗಳ ಚಿತ್ರ ಅದರಲ್ಲಿತ್ತು. ಕಪ್ಪು ಪರದೆಯ ಮೇಲೆ ಬಿಳಿ ಗೆರೆಗಳು ಮೂಡಿದವು. ದೊರೆಸ್ವಾಮಿಯವರು ಎದ್ದು ಬಂದು ಪರದೆಯ ನಡುವೆ ಬೆರಳಿಟ್ಟರು.

"ಇಲ್ನೋಡಿ. ನೀರಲ್ಲಿ ಕೋಲು ಮುಳುಗಿಸಿದ ಹಾಗೆ ಬಾಗಿದೆ. ಈಗ್ಲಾದ್ರೂ ಒಪ್ಕೋತೀರಾ?"

ನನ್ನ ಕಣ್ಣಿಗೆ ಗೆರೆಗಳು ನೆಟ್ಟಗೇ ಇದ್ದವು. ಅವರು ಬೆರಳು ಅಲ್ಲಿಯೇ ಇಟ್ಟುಕೊಂಡು ನನ್ನ ಕಡೆ ತಿರುಗಿದರು.

"ಏನಮ್ಮಾ, ಸುಮ್ನಾದ್ರಿ?"

ಜಯರಾಮ್ ಹೇಳಿದ್ದು ನೆನಪಿತ್ತು. ಆದರೆ ಇನ್ನೊಂದು ಬೋರ್ಡು ಬದಲಿಸುತ್ತೇವೆ ಎಂದು ಸುಳ್ಳು ಹೇಳಿ ಎದ್ದುಹೋದರೆ ಇವರು ಹೀಗೇ ದಿನ ದೂಡುತ್ತಾರೆ ಎಂದು ಹೆದರಿಕೆಯಾಯಿತು. "ಸಾರ್, ಈ ಟೀವೀಲಿ ಗೆರೆ ಬಾಗೋಕೆ ಬರಲ್ಲ. ಹಳೇ ಟೀವೀಲಿ ಬಾಗ್ತಿತ್ತು. ಇದರಲ್ಲಿ ಒಂದೊಂದು ಚುಕ್ಕೇನೂ ಗಾಜಿನೊಳಗೆ ಅದರದರ ಜಾಗದಲ್ಲೇ ಇರತ್ತೆ. ಕೆಟ್ಟರೆ ಆರಿಹೋಗತ್ತೆ, ಜಾಗ ಬಿಟ್ಟು ಹೋಗಲ್ಲ" ಎಂದೆ.

ಅವರು ಬೆರಳು ಕೆಳಗಿಳಿಸಿದರು. ಹಿಂದೆ ಸರಿದು ಸೋಫಾದ ಅಂಚಿನಲ್ಲಿ ಕೂತರು.

"ಮಿಲ್ಲಲ್ಲಿ ಬೆಳಗ್ಗೆ ಕೂತ ತಕ್ಷಣ ಒಂದೊಂದೇ ಕಣ್ಣು ಮುಚ್ಚಿ ನೋಡ್ಕೋತಿದ್ವಿ. ಎರಡೂ ಕಣ್ಣು ಒಂದೇ ಥರ ಹೇಳ್ತಿದ್ಯಾ ಅಂತ" ಎಂದರು. "ಮಿಲ್ ಮುಚ್ಚಿದ್ಮೇಲೆ ಆ ಅಭ್ಯಾಸ ಬಿಟ್ಟೋಯ್ತು."

ಬಲಗೈಯಿಂದ ಬಲಗಣ್ಣು ಮುಚ್ಚಿಕೊಂಡು ಪರದೆ ನೋಡಿದರು. ಆಮೇಲೆ ಎಡಗಣ್ಣು ಮುಚ್ಚಿಕೊಂಡರು. ಹಾಗೆಯೇ ತುಂಬ ಹೊತ್ತು ಕೂತಿದ್ದರು. ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತ ಮಂಜುಳಾ ನನ್ನ ಮುಖ ನೋಡಿದಳು, ನಾನು ನೆಲ ನೋಡಿದೆ.

"ಆರಿಸಿ ಅಮ್ಮಾ" ಎಂದರು. ಆರಿಸಿದೆ. ತಮ್ಮ ಕಣ್ಣಿಗೆ ಏನಾಯಿತೋ ಎಂದು ಅವರು ಕೇಳಲಿಲ್ಲ. ಕೇಳಿದ್ದು ಬೇರೆ. "ಹಾಗಾದ್ರೆ ನಜೀರನ ಬಟ್ಟೆ?"

ನಾನು ಡಿಸ್ಕು ತೆಗೆದು ಚೀಲಕ್ಕೆ ಹಾಕಿಕೊಂಡೆ.

ಮಂಜುಳಾ ಗಂಡನಿಗೆ ಫೋನು ಮಾಡಿದಳು. ನಾನು ಜಯರಾಮ್ ಅವರಿಗೆ ಮಾಡಿ, ನೀವು ಬೇಡವೆಂದದ್ದನ್ನು ಹೇಳಿಬಿಟ್ಟೆ ಎಂದೆ. ಅವರು, "ನನ್ನ ಕಾರು ಕಳಿಸ್ತೀನಿ, ನೀವೂ ಜೊತೇಲಿ ಹೋಗಿ. ಕಣ್ಣಿನ ವಿಷ್ಯದಲ್ಲಿ ತಡ ಮಾಡಬಾರದು" ಎಂದರು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಒಂದು ಕಾಗದವನ್ನು ಅವರ ಕೈಗೆ ಕೊಟ್ಟು ಒಂದೊಂದೇ ಕಣ್ಣಲ್ಲಿ ನೋಡಲು ಹೇಳಿದರು. ಕಾಗದದ ತುಂಬ ಚೌಕ ಗೆರೆಗಳು, ನಡುವೆ ಒಂದು ಚುಕ್ಕೆ. ನಾನು ಜೀವಮಾನವೆಲ್ಲ ನೋಡಿದ ಚಿತ್ರವೇ ಅದು. ಕಣ್ಣಿಗೂ ಅದೇ ಪರೀಕ್ಷೆ ಇದೆಯೆಂದು ನನಗೆ ಗೊತ್ತಿರಲಿಲ್ಲ.

ಬಲಗಣ್ಣಿನ ಹಿಂದಿನ ಪರದೆಯ, ಅಂದರೆ ರೆಟಿನಾದ, ನಡುಭಾಗದಲ್ಲಿ ನೀರು ತುಂಬಿ ಊದಿಕೊಂಡಿತ್ತು. ಎಡಗಣ್ಣಿನಲ್ಲಿ ಮುಪ್ಪಿನ ಪೊರೆ ಕಟ್ಟಿ ಬಣ್ಣಗಳು ಹಳದಿಗೆ ತಿರುಗಿದ್ದವು. "ಬಲಗಣ್ಣಿಗೆ ಇಂಜೆಕ್ಷನ್ ಕೊಡೋಣ. ಹೋಗಿದ್ದು ಪೂರ್ತಿ ಬರುತ್ತೆ ಅಂತ ಹೇಳಲ್ಲ, ಇರೋದನ್ನ ಉಳಿಸೋಕೆ ನೋಡೋಣ. ಎಡಗಣ್ಣಿಗೆ ಆಪರೇಷನ್ ಮಾಡಿದ್ರೆ ಚೆನ್ನಾಗಿ ಕಾಣುತ್ತೆ" ಎಂದರು ಡಾಕ್ಟರಮ್ಮ. ಅಷ್ಟರಲ್ಲಿ ಬಂದಿದ್ದ ರಮೇಶ ತಂದೆಯ ಭುಜದ ಮೇಲೆ ಕೈಯಿಟ್ಟು ನಿಂತಿದ್ದ.

ಹಿಂದಿರುಗುವಾಗ ದೊರೆಸ್ವಾಮಿಯವರು ಕಾರನ್ನು ಮಾಗಡಿ ರಸ್ತೆಯ ಕಡೆಗೆ ತಿರುಗಿಸಲು ಹೇಳಿದರು. "ಅಪ್ಪ, ಸುಸ್ತಾಗಿದೀರಾ, ನಾಳೆ ಹೋಗೋಣ" ಎಂದ ರಮೇಶ. "ಇವತ್ತೇ" ಎಂದರು.

ನಜೀರ್ ಅವರದು ಕಾಮಾಕ್ಷಿಪಾಳ್ಯದ ಒಳರಸ್ತೆಯಲ್ಲಿ ತಗಡಿನ ಶೆಡ್ಡು. ಬಣ್ಣದ ತೊಟ್ಟಿಗಳಲ್ಲಿ ಹೆಚ್ಚಿನವು ಖಾಲಿಯಿದ್ದವು. ನಡುವಯಸ್ಸಿನ ನಜೀರ್ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದವರು ಇವರನ್ನು ನೋಡಿ ನಿಂತುಬಿಟ್ಟರು.

"ನಿನ್ನ ಮಾಲು ಸರಿಯಾಗಿತ್ತು ನಜೀರ್. ನನ್ನ ಕಣ್ಣು ಸರಿಯಿರ್ಲಿಲ್ಲ. ಡಾಕ್ಟರ್ ಹತ್ರದಿಂದ ನೇರವಾಗಿ ಬಂದೆ" ಎಂದರು ದೊರೆಸ್ವಾಮಿ.

ನಜೀರ್ ಒಳಗೆ ಓಡಿಹೋಗಿ ಒಂದು ಸ್ಟೂಲು ತಂದಿಟ್ಟರು. "ಮೊದ್ಲು ಕೂತ್ಕೊಳಿ ಮೇಸ್ತ್ರಿ, ನಿಂತ್ಕೊಂಡು ಇಂಥ ಮಾತಾಡ್ಬೇಡಿ." ಅವರು ಕೂತ ಮೇಲೆ ನಜೀರ್ ಎದುರಿಗೆ ಕುಕ್ಕರಗಾಲಿನಲ್ಲಿ ಕೂತರು. "ನಾನು ಏನ್ ಅನ್ಕೊಂಡೆ ಗೊತ್ತಾ ಮೇಸ್ತ್ರಿ? ನೀವು ಇಲ್ಲ ಅಂದ್ಮೇಲೆ ನನ್ನ ಕೈಯೇ ಹೋಯ್ತು ಅಂತ. ಬಣ್ಣ ಹಾಕೋದು ಮರ್ತೋಯ್ತಾ ನನಗೆ ಅಂತ. ಬಿಸಿಲಿಗೆ ಹಿಡಿದು ನೋಡ್ದೆ, ನೆರಳಿಗೆ ಹಿಡಿದು ನೋಡ್ದೆ. ನನ್ನ ಕಣ್ಣಿಗೆ ಸರಿ ಇದೆ ಅನ್ಸಿದ್ರೂ ನನ್ನ ಕಣ್ಣನ್ನ ನಾನೇ ನಂಬ್ಲಿಲ್ಲ. ಶೆಡ್ ಬಿಟ್ಕೊಡ್ತೀನಿ ಅಂತ ಮಾಲೀಕರಿಗೆ ಹೇಳಾಯ್ತು."

"ಹೇಳಿದ್ದನ್ನ ವಾಪಸ್ ತಗೋ" ಎಂದರು ದೊರೆಸ್ವಾಮಿ. "ನಿನ್ನ ಕೈಗೆ ಏನೂ ಆಗಿಲ್ಲ."

ರಮೇಶ ಮುಂದೆ ಬಂದು, "ನಾಳೆ ಬೆಳಗ್ಗೆ ಬಟ್ಟೆ ಕಳಿಸ್ತೀನಿ ಭಾಯ್" ಎಂದ. ನಜೀರ್ ತಲೆಯಾಡಿಸಿದರು. ಹಗ್ಗದ ಮೇಲೆ ಒಣಗುತ್ತಿದ್ದ ಒಂದು ಬಟ್ಟೆಯನ್ನು ಎಳೆದು, ಹಳೆಯ ಅಭ್ಯಾಸದಂತೆ ಮೇಸ್ತ್ರಿಯ ಮುಂದೆ ಹಿಡಿಯಲು ಹೋದವರು ಅರ್ಧದಲ್ಲೇ ಕೈ ತಡೆದರು. ದೊರೆಸ್ವಾಮಿಯವರು ಆ ಬಟ್ಟೆಯ ಅಂಚನ್ನು ಬೆರಳಲ್ಲಿ ಹಿಡಿದು, "ನೇಯ್ಗೆ ಚೆನ್ನಾಗಿದೆ" ಎಂದಷ್ಟೇ ಹೇಳಿದರು.

ಇಂಜೆಕ್ಷನ್‌ಗಳಿಂದ ಬಲಗಣ್ಣಿನ ಕಾಯಿಲೆ ನಿಂತಿತು, ಆದರೆ ನಡುವಿನ ದೃಷ್ಟಿ ಮರಳಲಿಲ್ಲ. ಎಡಗಣ್ಣಿನ ಆಪರೇಷನ್ ಚೆನ್ನಾಗಿ ಆಯಿತು. ಪಟ್ಟಿ ಬಿಚ್ಚಿದ ಕೆಲವು ದಿನಗಳಿಗೆ ಅವರೇ ಅಂಗಡಿಗೆ ಫೋನು ಮಾಡಿ ನನ್ನನ್ನು ಕರೆಸಿಕೊಂಡರು. ಬಿಳಿಯೆಲ್ಲ ನೀಲಿ ಸೋಕಿದಂತೆ ಕಾಣುತ್ತಿದೆಯಂತೆ. ನಾನು ರಿಮೋಟು ಹಿಡಿದೆ. ಅವರು ಕೈಯೆತ್ತಿ ತಡೆದರು.

"ಬೇಡ. ಟೀವಿ ಸರಿಯಾಗೇ ಇದೆ ಅಂತ ಈಗ ನನಗೆ ಗೊತ್ತು. ಇಷ್ಟು ದಿನ ಹಳದಿ ಗಾಜಿನ ಹಿಂದೆ ಕೂತಿದ್ದೆ ನಾನು. ಕಣ್ಣಿಗೆ ಅಭ್ಯಾಸ ಆಗ್ಲಿ. ನಿಮ್ಮನ್ನ ಕರೆದದ್ದು ಕಾಫಿ ಕುಡಿಯೋಕೆ" ಎಂದರು.

ಘಟಕದಲ್ಲಿ ಬಣ್ಣ ನೋಡುವ ಕೆಲಸವನ್ನು ಅವರು ಮಂಜುಳಾಳಿಗೆ ಬಿಟ್ಟುಕೊಟ್ಟರು. ಅವಳು, ನಜೀರ್ ಇಬ್ಬರೂ ಬಟ್ಟೆಯನ್ನು ಬಾಗಿಲ ಬೆಳಕಿಗೆ ಹಿಡಿದು ಚರ್ಚೆ ಮಾಡುವಾಗ ಇವರು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತಿರುತ್ತಿದ್ದರಂತೆ. ಕೇಳದ ಹೊರತು ಮಾತಾಡುತ್ತಿರಲಿಲ್ಲವಂತೆ. ಅವರಿಗೆ ಅದು ಎಷ್ಟು ಕಷ್ಟವಾಗಿತ್ತು ಎಂದು ಊಹಿಸಬಲ್ಲೆ.

ಆಮೇಲೆ ಯಾರಾದರೂ ಚಿತ್ರ ಸೊಟ್ಟಗಿದೆ, ಮಸುಕಾಗಿದೆ ಎಂದರೆ, ಟೀವಿ ಪರೀಕ್ಷಿಸಿದ ಮೇಲೆ, ಒಂದೊಂದೇ ಕಣ್ಣು ಮುಚ್ಚಿ ನೋಡಿ ಎಂದು ನಾನು ಹೇಳತೊಡಗಿದೆ. ಹೆಚ್ಚಿನವರಿಗೆ ಕನ್ನಡಕ ಬದಲಿಸಿದರೆ ಸಾಕಾಗಿತ್ತು. ಕೆಂಗೇರಿಯ ಒಬ್ಬರು, "ನೀವೇನು ಟೀವಿಯವ್ರಾ, ಡಾಕ್ಟ್ರಾ?" ಎಂದು ರೇಗಿ ಕಳಿಸಿದರು. ಜಯರಾಮ್ ಮಾತ್ರ ಬೇಡ ಎನ್ನಲಿಲ್ಲ. "ಹೇಳಿ. ಮೆಲ್ಲಗೆ ಹೇಳಿ" ಎಂದರು.

ಪ್ಲಾಸ್ಮಾ ಹೋಯಿತು, ತೆಳ್ಳನೆಯ ಬೇರೆ ಟೀವಿಗಳು ಬಂದವು, ನಾನೂ ಕೆಲಸ ಬಿಟ್ಟೆ. ಈಗ ಈ ಕೆಲಸಕ್ಕೆ ಸೇರುವವರು ಚಿತ್ರವನ್ನು ಅಳೆಯುವ ಉಪಕರಣ ತರುತ್ತಾರೆ. ಒಳ್ಳೆಯದೇ. ಅಳೆದ ಮೇಲೆ ಸೋಫಾದಲ್ಲಿ ಕೂತವರನ್ನು, ನಿಮಗೆ ಹೇಗೆ ಕಾಣುತ್ತಿದೆ ಎಂದೂ ಒಮ್ಮೆ ಕೇಳಿ.

ಒಂದು ಬೆಳಗ್ಗೆ ರಮೇಶ ಫೋನು ಮಾಡಿದ. ತಂದೆ ಮಲಗಿದ್ದಲ್ಲೇ ಹೋಗಿಬಿಟ್ಟಿದ್ದರು. ನಾನು ದೀಪಾಂಜಲಿ ನಗರ ತಲುಪಿದಾಗ ನಜೀರ್ ಅಂಗಳದಲ್ಲಿ ಕುರ್ಚಿ ಜೋಡಿಸುತ್ತಿದ್ದರು. ಒಳಗೆ, ಕಣ್ಣಿನ ಆಸ್ಪತ್ರೆಯಿಂದ ಬಂದ ಇಬ್ಬರು ಸಣ್ಣದೊಂದು ಪೆಟ್ಟಿಗೆ ಇಟ್ಟುಕೊಂಡು ಕಾಯುತ್ತಿದ್ದರು. ಕಣ್ಣು ಕೊಡಬೇಕೆಂದು ದೊರೆಸ್ವಾಮಿಯವರು ಮೊದಲೇ ಮನೆಯವರಿಗೆ ಹೇಳಿಟ್ಟಿದ್ದರಂತೆ.

ರಮೇಶ ಅವರನ್ನು ಕೇಳುತ್ತಿದ್ದ. "ಸಾರ್, ಅಪ್ಪನ ಬಲಗಣ್ಣು ಹಾಳಾಗಿತ್ತು. ಎಡಗಣ್ಣಿಗೆ ಆಪರೇಷನ್ ಆಗಿತ್ತು. ಇಂಥ ಕಣ್ಣು ಯಾರಿಗಾದ್ರೂ ಆಗುತ್ತಾ?"

"ಕೆಟ್ಟಿದ್ದು ಹಿಂದಿನ ಭಾಗ. ನಾವು ತಗೊಳ್ಳೋದು ಮುಂದಿನ ತೆಳು ಪದರ" ಎಂದು ಅವರಲ್ಲಿ ಹಿರಿಯರು ಹೇಳಿ ಒಳಕೋಣೆಗೆ ಹೋದರು. ನಾವು ಹೊರಗೆ ನಿಂತೆವು. ಮಂಜುಳಾ ನನ್ನ ಕೈ ಹಿಡಿದುಕೊಂಡಿದ್ದಳು. ಸ್ವಲ್ಪ ಹೊತ್ತಿಗೆ ಅವರು ಹೊರಗೆ ಬಂದು, "ಎರಡೂ ಚೆನ್ನಾಗಿ ಕಾಣ್ತಿವೆ. ಆಸ್ಪತ್ರೇಲಿ ಇನ್ನೊಮ್ಮೆ ನೋಡ್ತಾರೆ" ಎಂದರು. ಹೊರಡುವ ಮುಂಚೆ ಬಾಗಿಲಲ್ಲಿ ನಿಂತು, ಮರ್ಯಾದೆಗೆ ಕೇಳುವಂತೆ ಕೇಳಿದರು.

"ಏನು ಕೆಲ್ಸ ಮಾಡ್ತಿದ್ರು ನಿಮ್ಮ ತಂದೆ?"

ರಮೇಶ ಒಳಕೋಣೆಯ ಕಡೆ ತಿರುಗಿದ. ಉತ್ತರ ಹೇಳಿದ್ದು ಅಂಗಳದಲ್ಲಿದ್ದ ನಜೀರ್.

"ಬಣ್ಣ ನೋಡ್ತಿದ್ರು ಸಾರ್" ಎಂದರು.